ಭಾವನ ಹೆಸರಿನ ತಿದ್ದುಪಡಿ

ಪ್ರೀತಿಯ ಅಕ್ಕ,

ಈ ಪತ್ರವನ್ನು ಮನೆಗೆ ಕಳಿಸದೆ ನೀನು ಪಾಠ ಮಾಡುವ ಶಾಲೆಗೆ ಕೊರಿಯರ್ ಮಾಡಿದ್ದೇನೆ. ಅಲ್ಲೇ ಓದಿ ಹರಿದುಹಾಕು.

ನೀರು ಸರಬರಾಜು ಕೇಂದ್ರಗಳು ಬಳಸುವ ಮುಕ್ತ ತಂತ್ರಾಂಶದ ಜೊತೆ ಓಡುವ ಒಂದು ಸಣ್ಣ ಪ್ರೋಗ್ರಾಮನ್ನು ಭಾವ ಮತ್ತು ನಾನು ನೋಡಿಕೊಳ್ಳುತ್ತಿದ್ದೆವಲ್ಲ. ನೀರಿನಲ್ಲಿ ಕ್ಲೋರಿನ್ ಹೆಚ್ಚಾದರೆ ಅದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಹೊಸ ಆವೃತ್ತಿಗೆ ಅದನ್ನು ಹೊಂದಿಸುವುದು ನನ್ನ ಪಾಲು, ಹಳೆಯದು ಭಾವನ ಪಾಲು. "ಹೊಸ ಸೊಸೇನ ನೋಡೋಕೆ ಊರೇ ಬರುತ್ತೆ, ಹಳೇ ಅತ್ತೆಗೆ ಕಾಫಿ ಕೊಡೋರ್ಯಾರು?" ಎಂದು ನಗುತ್ತಿದ್ದರು. ನಿಮ್ಮೂರಿನ ಕೇಂದ್ರದಲ್ಲಿ ಇನ್ನೂ ಹಳೆಯದೇ ಓಡುತ್ತಿದೆ.

ಭಾವ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಕಳೆದ ವಾರ ಅದಕ್ಕೊಂದು ತಿದ್ದುಪಡಿ ಬಿಡುಗಡೆಯಾಗಿದೆ, ಭಾವನ ಹೆಸರಿನಲ್ಲಿ, ಅವರದೇ ಡಿಜಿಟಲ್ ಸಹಿಯೊಂದಿಗೆ. ಆ ಸಹಿ ಹಾಕಲು ಅವರ ಲ್ಯಾಪ್‌ಟಾಪೇ ಬೇಕು. ಅದು ಬೀರುವಿನಲ್ಲಿ ಭದ್ರವಾಗಿದೆ ಎಂದು ನೀನೇ ಹೇಳಿದ್ದೆ. ತಿದ್ದುಪಡಿಯನ್ನು ಸಾಲುಸಾಲಾಗಿ ಓದಿದೆ. ಇನ್ನು ಕ್ಲೋರಿನ್ ಎಷ್ಟೇ ಏರಿದರೂ ಗಂಟೆ ಬಾರಿಸುವುದಿಲ್ಲ. ಕೇಂದ್ರದ ಎಂಜಿನಿಯರಿಗೆ ತಿಳಿಸಿದರೆ, "ಸಹಿ ಸರಿಯಾಗೇ ಇದೆಯಲ್ಲಮ್ಮ" ಎಂದು ಫೋನ್ ಇಟ್ಟರು.

ನಿನ್ನೆ ನಿನಗೆ ಫೋನ್ ಮಾಡಿದಾಗ ಮಹಡಿಯ ಬಾಡಿಗೆಯವನು ಎತ್ತಿದ. "ಅಕ್ಕ ಒಳಗಿದ್ದಾರೆ. ಹಳೇ ಆವೃತ್ತಿ ವಿಷಯಾನಾ?" ಎಂದ. ನಾನಿನ್ನೂ ಬಾಯೇ ತೆರೆದಿರಲಿಲ್ಲ.

ಅವನನ್ನು ಏನೂ ಕೇಳಬೇಡ. ಲ್ಯಾಪ್‌ಟಾಪ್ ಹುಡುಕಲೂ ಹೋಗಬೇಡ. ಪುಟ್ಟಿಯನ್ನು ತರಗತಿಯಿಂದಲೇ ಕರೆದುಕೊಂಡು ನೇರ ಇಲ್ಲಿಗೆ ಬಸ್ ಹತ್ತು. ಬಟ್ಟೆಬರೆಯನ್ನು ಇಲ್ಲೇ ಕೊಳ್ಳೋಣ. ಅವಳಿಗೆ ಬಾಯಾರಿದರೆ ಅಂಗಡಿಯ ಬಾಟಲಿ ಕೊಡು, ನಲ್ಲಿಯ ನೀರು ಒಂದು ಗುಟುಕೂ ಬೇಡ.

ಬಸ್ ನಿಲ್ದಾಣದಲ್ಲೇ ಕಾದಿರುವ,
ನಿನ್ನ ತಂಗಿ