ಮಿನೆಕೊ ಅತ್ತಿಗೆಯ ಕೈನಡುಕ

ಪ್ರೀತಿಯ ಅಕ್ಕಾ,

ಈ ಅಕಿತಾದ ಹಿಮದಲ್ಲಿ ನಾನೆಷ್ಟು ಸುಖವಾಗಿದ್ದೇನೆಂದರೆ ಹೇಳಲು ನಾಚಿಕೆ! ಗಂಡನಾಗಿ ಶೂಹೇಯಿ ಬಂಗಾರದಂಥವನು. ಆದರೆ ನಾನೊಂದು ಭಾರಿ ಎಡವಟ್ಟು ಮಾಡಿದೆ. ಇಲ್ಲಿ ಮಿಸೊ ಸಾರು, ಉಪ್ಪಿನಕಾಯಿ ಎಲ್ಲವೂ ಸಮುದ್ರದಷ್ಟು ಉಪ್ಪು. ಎಲ್ಲರ ಆರೋಗ್ಯಕ್ಕೆಂದು, ಅಡುಗೆ ನನ್ನ ಕೈಗೆ ಬಂದ ದಿನವೇ ಉಪ್ಪನ್ನು ನಮ್ಮ ತವರು ಕೋಬೆಯ ಅಳತೆಗಿಳಿಸಿದೆ. ಯಾರೂ ತುಟಿ ಬಿಚ್ಚಲಿಲ್ಲ.

ಮೂರು ವಾರಕ್ಕೆ ಶೂಹೇಯಿಯ ಅಕ್ಕ ಮಿನೆಕೊ ಅತ್ತಿಗೆಯ ಕೈ ನಡುಗತೊಡಗಿತು. ಮರದ ಗೊಂಬೆಗಳಿಗೆ ಕಣ್ಣು ಬರೆಯುವ ಕೈ ಅದು! ಮನಸ್ಸಿನ ವಿಪರೀತ ಏರಿಳಿತಕ್ಕೆ ಅವರು ಹತ್ತು ವರ್ಷದಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಳೆಯ ಕಾಯಿಲೆ ಮರಳಿತೆಂದು ಅತ್ತೆ ಆಸ್ಪತ್ರೆಗೆ ಬಟ್ಟೆಯ ಗಂಟು ಕಟ್ಟಿಯೇಬಿಟ್ಟರು. ಅಲ್ಲಿ ನೋಡಿದರೆ ರಕ್ತದಲ್ಲಿ ಔಷಧವೇ ಮಿತಿಮೀರಿತ್ತು.

"ಮನೇಲಿ ಈಗ ಅಡುಗೆ ಯಾರದ್ದು?" ಎಂದರು ಡಾಕ್ಟರು. ಎಲ್ಲರೂ ನನ್ನತ್ತ ತಿರುಗಿದರು! ಉಪ್ಪು ಒಮ್ಮೆಲೇ ಕಡಿಮೆಯಾದರೆ ದೇಹ ಲಿಥಿಯಂ ಅನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದಂತೆ.

ನಾನು ಅತ್ತುಬಿಟ್ಟೆ. "ಸಪ್ಪೆ ಅಂತ ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ಹೊಸ ಸೊಸೆ ಮುಖ ಬಾಡತ್ತೆ ಅಂತ ಸುಮ್ಮನಿದ್ದೆ ಕಣೇ. ಹಾಗಾದ್ರೆ ನನ್ನ ತಲೆ ನೆಟ್ಟಗೇ ಇದೆ, ದೋಷ ಎಲ್ಲ ನಿನ್ನ ಸಾರಿಂದು!" ಎಂದು ನಕ್ಕವರು ಹಾಗೆಯೇ ನನ್ನ ಹೆಗಲಿಗೆ ಮುಖವಿಟ್ಟು ಬಿಕ್ಕಿದರು.

ಡಾಕ್ಟರು ಮಾತ್ರೆಯನ್ನೂ ಊಟವನ್ನೂ ಸರಿಪಡಿಸಿದ ಮೇಲೆ ನಡುಕ ನಿಂತಿದೆ. ಹೋದ ಪತ್ರದಲ್ಲಿ ಬರೆದಿದ್ದ ನನ್ನ ನೆಗಡಿಯೂ ಬಿಟ್ಟಿದೆ, ಅಮ್ಮನಿಗೆ ಹೇಳು. ಇವತ್ತು ಅತ್ತಿಗೆ ನಾನು ಸುಟ್ಟ ಮೀನನ್ನು ಎತ್ತಿ ಹಿಡಿದು, "ಇದನ್ನ ಮನುಷ್ಯರು ತಿಂತಾರೇನೇ?" ಎಂದು ಎಲ್ಲರೆದುರು ಬೈದರು. ಅಕ್ಕಾ, ಕುಣಿಯುವಷ್ಟು ಖುಷಿಯಾಯಿತು!

ಕಾಗದದಲ್ಲಿ ಜಾಗ ಮುಗಿಯಿತು,
ಚಿಗುಸಾ