ಒಳಗೆ ಬಿಟ್ಟ ಬಟ್ಟೆ

ಮಾರ್ಚ್ 3, ಮಂಗಳವಾರ

ನೀಲಿ ರವಿಕೆಯ ಸೈಡ್ ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ. ಎರಡೂ ಕಡೆ ಅರ್ಧರ್ಧ ಇಂಚು ಒಳಗೆ. ಹೋದ ತಿಂಗಳೂ ಇದೇ ಕೆಲಸ. ಟೇಪು ಹಿಡಿದು ನೋಡಿದೆ — ಎದೆ ಮೂವತ್ತೆಂಟು ಇದ್ದದ್ದು ಮೂವತ್ತೈದೂವರೆ. ಮೂವತ್ತನಾಲ್ಕು ವರ್ಷ ಊರ ಹೆಂಗಸರ ಅಳತೆ ತೆಗೆದವಳು ನಾನು. ಹೆಂಗಸರು ಸುಳ್ಳು ಹೇಳಿದ್ದುಂಟು, ಟೇಪು ಹೇಳಿದ್ದಿಲ್ಲ. ಹೆಚ್ಚಾದ ಬಟ್ಟೆ ಕತ್ತರಿಸಲಿಲ್ಲ. ಒಳಗೇ ಮಡಿಸಿ ಬಿಟ್ಟಿದ್ದೇನೆ. ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಬಹುದು.

ಹೊಟ್ಟೆ ಪರೀಕ್ಷೆಯ ರಿಪೋರ್ಟ್ ಬಂದು ಎಂಟು ದಿನವಾಯಿತು. ಕೇಳಿದರೆ ಮಗ, 'ಅಲ್ಸರ್ ಅಷ್ಟೇ ಅಮ್ಮ, ಕಾಗದ ಅಂಗಡೀಲಿದೆ' ಅಂದ. ಅವನದು ಕನ್ನಡಕದ ಅಂಗಡಿ. ಅಲ್ಲಿ ನನ್ನ ಹೊಟ್ಟೆಯ ಕಾಗದಕ್ಕೇನು ಕೆಲಸ? ಇವರನ್ನು ಕೇಳಿದೆ. ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ನನಗೆ ನಿಜ ಬೇಕು. ಎಂಥದ್ದೇ ಇರಲಿ. ಅಳತೆ ಗೊತ್ತಿಲ್ಲದೆ ಬಟ್ಟೆಗೆ ಕತ್ತರಿ ಹಾಕುವ ಜಾತಿಯವಳಲ್ಲ ನಾನು.

ಮಾರ್ಚ್ 10, ಮಂಗಳವಾರ

ಮನೆಯವರಿಗೆಲ್ಲ ಇದ್ದಕ್ಕಿದ್ದಂತೆ ನನ್ನ ಮೇಲೆ ಪ್ರೀತಿ ಉಕ್ಕಿದೆ. ಸೊಸೆ ಕೇಳದೇ ಎರಡು ಸಲ ಕಾಫಿ ತಂದಳು. ಸಾರಿಗೆ ಉಪ್ಪು ಸುರಿದಿದ್ದೀಯ ಅಂದೆ — 'ಹೌದು ಅತ್ತೆ, ತಪ್ಪಾಯ್ತು' ಅಂದಳು. ಎಂಟು ವರ್ಷದಲ್ಲಿ ಈ ಮಾತು ಕೇಳಿದ್ದು ಇವತ್ತೇ. ಎದುರು ಮಾತಾಡದ ಸೊಸೆಯನ್ನು ಕಂಡರೆ ಭಯವಾಗುತ್ತದೆ.

ಸಂಜೆ ಮಗ ವಿಮಾನದ ಟಿಕೆಟ್ ತೋರಿಸಿದ. ನಾಲ್ವರೂ ಪರದೇಶಕ್ಕೆ. ನನ್ನ ಹೊಲಿಗೆ ಮಿಷನ್ ಮೇಲಿನ ಚಿತ್ರದ ದೀಪಸ್ತಂಭ ತೋರಿಸುತ್ತಾನಂತೆ. ದಾರದ ಕಂಪನಿಯವರು ಕೊಟ್ಟ ಕ್ಯಾಲೆಂಡರಿನ ಚಿತ್ರ ಅದು. ವರ್ಷ ಮುಗಿದ ಮೇಲೆ ಕತ್ತರಿಸಿ ಗೋಡೆಗೆ ಅಂಟಿಸಿದ್ದೆ. ಸಮುದ್ರದ ತುದಿ, ಬಂಡೆ, ಬಿಳೀ ಗೋಪುರ. ಒಂದಲ್ಲ ಒಂದು ದಿನ ಅಲ್ಲಿ ಹೋಗಿ ಕಾಲು ಚಾಚಿ ಕೂರುತ್ತೇನೆ ಅಂತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದೆ, ತಮಾಷೆಗೆ. ಚಿತ್ರದ ಕೆಳಗಿದ್ದ ಸಣ್ಣ ಅಕ್ಷರವನ್ನು ಮಗ ಭೂತಗನ್ನಡಿ ಹಿಡಿದು ಓದಿ ಜಾಗ ಹುಡುಕಿದನಂತೆ.

'ಈಗ್ಯಾಕೋ ಇಷ್ಟು ಅವಸರ?'

'ಆಫರ್ ಇತ್ತು ಅಮ್ಮ.' ಕಣ್ಣು ಟಿಕೆಟ್ ಮೇಲೇ ಇತ್ತು.

ಮಾರ್ಚ್ 27, ಶುಕ್ರವಾರ

ಬಂದು ಮುಟ್ಟಿದೆವು. ಹೋಟೆಲಿನ ಮೂರನೇ ಮಹಡಿ. ಹಾಸಿಗೆ ಬಲು ಮೆತ್ತಗೆ, ಬೆನ್ನು ಹಿಡಿದುಕೊಂಡಿದೆ. ಕಿಟಕಿ ಪರದೆಯ ಅಂಚು ಸೊಟ್ಟ ಹೊಲಿದಿದ್ದಾರೆ. ಇವರು ಮಂಚದ ತುದಿಯಲ್ಲಿ ಕೂತು ನನ್ನ ಪಾದ ಒತ್ತಿದರು. ಮದುವೆಯಾಗಿ ನಲವತ್ತೊಂದು ವರ್ಷ, ಇದು ಮೊದಲ ಸಲ. 'ಏನ್ರೀ, ಪಾಪ ಕಳ್ಕೊಳ್ತಿದೀರಾ?' ಅಂದೆ. ನಗಲಿಲ್ಲ.

ನಾಳೆ ಕಾರು ಬರುತ್ತದೆ, ಇಲ್ಲಿಯವನೇ ಡ್ರೈವರು. ಸೊಸೆ ಮೊಬೈಲಿನಲ್ಲಿ ಅವನಿಗೆ ಏನೋ ಉದ್ದಕ್ಕೆ ಬರೆಯುತ್ತಿದ್ದಳು. ಹತ್ತಿರ ಹೋದೆ. ಮೊಬೈಲು ಮಗುಚಿ ಇಟ್ಟಳು.

ಮಾರ್ಚ್ 28, ಶನಿವಾರ, ಸಂಜೆ ಆರೂವರೆ

ಮೂವರೂ ಕೆಳಗೆ ಊಟಕ್ಕೆ ಹೋಗಿದ್ದಾರೆ. ಹಸಿವಿಲ್ಲ ಅಂದೆ. ಮೊದಲಿಂದ ಬರೆಯುತ್ತೇನೆ.

ಡ್ರೈವರು ಎತ್ತರದ ಆಳು. ಐವತ್ತರ ಆಸುಪಾಸು. ಶರ್ಟಿನ ಕಾಲರ್ ಸವೆದದ್ದನ್ನು ತಾನೇ ಕೂತು ಹೊಲಿದುಕೊಂಡಿದ್ದಾನೆ, ಎಳೆ ಎಳೆ ಕಾಣುತ್ತದೆ. ನನ್ನ ಬೆನ್ನಿಗೆ ದಿಂಬು ತಂದಿದ್ದ. ಬಾಗಿಲು ತೆಗೆದು, ಸೆರಗು ಸಿಕ್ಕಿಕೊಳ್ಳದಂತೆ ಒಳಗೆ ಸರಿಸಿ, ಮೆಲ್ಲಗೆ ಹಾಕಿದ. ಇವರು ಮುಂದೆ ಕೂತರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಅಭ್ಯಾಸ ಹೋಗಬೇಕಲ್ಲ — ಕಾರಿನ ಬಾಗಿಲು ಬಡಿದು 'ರೈಟ್, ಹೋಗ್ಲಿ!' ಅಂದರು. ಅವನು ನಕ್ಕ. 'ಡ್ರೈವರ್ ಅಂದ್ರೆ ಯಾವ ದೇಶದವನಾದ್ರೂ ನಮ್ಮವನೇ ಕಣೇ ಟೇಲರಮ್ಮ' ಅಂದರು ಇವರು.

ಹಳೇ ಸೇತುವೆ, ಗಡಿಯಾರದ ಗೋಪುರ, ಪಾರಿವಾಳ ತುಂಬಿದ ಚೌಕ. ಪ್ರತಿ ಉಬ್ಬಿನಲ್ಲೂ ಡ್ರೈವರು ನಿಧಾನ ಮಾಡಿ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. ಎಲ್ಲಿ ಇಳಿದರೂ ಮಗನಿಗೆ ನನ್ನ ಫೋಟೊ. 'ಒಬ್ಬಳೇ ನಿಂತ್ಕೋ ಅಮ್ಮ. ಸ್ವಲ್ಪ ನಗು. ಒಂದು ಒಳ್ಳೇದು ಬೇಕು.' ಯಾತಕ್ಕೆ ಬೇಕು ಅಂತ ಆಗ ಹೊಳೆಯಲಿಲ್ಲ. ಈಗ ಗೊತ್ತು. ಹಾರ ಹಾಕಿ ಗೋಡೆಗೆ ತೂಗಲು.

ಮಧ್ಯಾಹ್ನ ದೀಪಸ್ತಂಭ. ಚಿತ್ರದಲ್ಲಿದ್ದ ಹಾಗೇ ಇದೆ, ಬಣ್ಣ ಮಾತ್ರ ಅಲ್ಲಲ್ಲಿ ಎದ್ದಿದೆ. ನೂರಕ್ಕೂ ಹೆಚ್ಚು ಮೆಟ್ಟಿಲು. ನನ್ನಿಂದಾಗದು ಅಂದೆ. ಇವರೂ ಕೂತುಬಿಟ್ಟರು. 'ಇಷ್ಟು ದೂರ ಬಂದು ನನ್ನ ಮುಖ ನೋಡೋಕೇನ್ರೀ, ಹೋಗಿ' ಅಂತ ಗದರಿ ಅಟ್ಟಿದೆ. ಬೆಂಚಿನ ಮೇಲೆ ಕಾಲು ಚಾಚಿ ಕೂತೆ. ಡ್ರೈವರು ಬಂದು ಪಕ್ಕದಲ್ಲಿ ಕೂತ. ಮೊಬೈಲಿಗೆ ಅವನ ಭಾಷೆಯಲ್ಲಿ ಏನೋ ಹೇಳಿದ. ಅದು ಕನ್ನಡದಲ್ಲಿ ಮಾತಾಡಿತು, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ —

'ನನ್ನ ತಾಯಿಗೂ ಹೊಟ್ಟೆಯ ಕ್ಯಾನ್ಸರ್ ಇತ್ತು. ನಿಮ್ಮ ಸೊಸೆ ಬರೆದದ್ದನ್ನು ಓದಿ ನನಗೆ ದುಃಖವಾಯಿತು. ವೈದ್ಯರು ಆರು ತಿಂಗಳು ಹೇಳಿದರು. ನನ್ನ ತಾಯಿ ಒಂಬತ್ತು ತಿಂಗಳು ಇದ್ದಳು. ನೀವೂ ಇರಿ.'

ಅಲೆ ಬಂದು ಬಂಡೆಗೆ ಬಡಿಯುತ್ತಿತ್ತು. ಆಮೇಲೆ ಮೊಬೈಲು ಈ ಕಡೆ ತಾ ಅಂತ ಕೈ ಮಾಡಿದೆ. 'ನಿಮ್ಮಮ್ಮನಿಗೆ ಈ ವಿಷಯ ಹೇಳಿದ್ರಾ?' ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೊಬೈಲು ಹೇಳಿತು, 'ವೈದ್ಯರು ಮೊದಲು ಅವಳಿಗೇ ಹೇಳಿದರು. ಅವಳು ನಮಗೆ ಹೇಳಿದಳು. ಇಲ್ಲಿ ಎಲ್ಲರೂ ಹಾಗೆಯೇ.'

ಅವನ ತಪ್ಪೇನಿಲ್ಲ. ಸೊಸೆ ಅಚ್ಚುಕಟ್ಟಿನವಳು, ಎಲ್ಲಾ ಬರೆದಿರುತ್ತಾಳೆ. ನಿಧಾನ ಓಡಿಸಿ, ದಿಂಬು ತನ್ನಿ, ಬಾತ್‌ರೂಮ್ ಇರುವ ಕಡೆ ನಿಲ್ಲಿಸಿ. ಒಂದೇ ಮಾತು ಬಿಟ್ಟಿದ್ದಾಳೆ — ಅವರಿಗೆ ಮಾತ್ರ ಹೇಳಬೇಡಿ. ರೋಗಿಗೆ ಹೇಳಬಾರದು ಅನ್ನುವುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಟ್ಟುತ್ತಲೇ ಕಲಿತುಕೊಂಡು ಬಂದಿರುತ್ತೇವೆ.

ಮೇಲೆ ಹೋದವರು ಇಳಿದು ಬಂದರು. 'ಏನಂತಾನೆ ಡ್ರೈವರು?' ಅಂದ ಮಗ.

'ಅವರಮ್ಮನ ಸುದ್ದಿ ಹೇಳ್ತಿದ್ದ' ಅಂದೆ. ಸುಳ್ಳಲ್ಲ.

ಹೋಟೆಲಿನಲ್ಲಿ ಇಳಿಸಿದಾಗ ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಅಪರಿಚಿತ. ಒಂದು ತಿಂಗಳಲ್ಲಿ ನನ್ನ ಜೊತೆ ನಿಜ ಮಾತಾಡಿದವನು ಅವನೊಬ್ಬನೇ.

ಲಿಫ್ಟಿನ ಸದ್ದು. ಬಂದರು.

ಮಾರ್ಚ್ 29, ಭಾನುವಾರ

ಇಡೀ ದಿನ ಕಾದೆ. ಯಾರಾದರೂ ಒಬ್ಬರು ಹೇಳಲಿ ಅಂತ. ಇವರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಅಂತ ಊರಿಗೇ ಗೊತ್ತು. ಅಂಥ ಬಾಯಿ ಮುಚ್ಚಿಕೊಂಡಿದೆ. ಸಿಟ್ಟಿಗೆ ಮೈಯೆಲ್ಲಾ ಉರಿಯಿತು. ಸಾಯುವವಳು ನಾನು. ಗುಟ್ಟು ಇವರದ್ದಾ?

ಏಪ್ರಿಲ್ 12, ಭಾನುವಾರ

ಎದೆ ಈಗ ಮೂವತ್ತಮೂರು. ಎಲ್ಲಾ ರವಿಕೆಗಳನ್ನೂ ಮತ್ತೆ ಹಿಡಿದೆ. ಒಳಗೆ ಬಟ್ಟೆ ಎಷ್ಟು ಸೇರಿದೆಯೆಂದರೆ ಪಕ್ಕೆಗೆ ಒತ್ತುತ್ತದೆ. ಸೊಸೆ ನೋಡಿ, 'ಕತ್ತರಿಸಿಬಿಡಬಾರ್ದಾ ಅತ್ತೆ, ಚುಚ್ಚಲ್ವಾ?' ಅಂದಳು. 'ಇರಲಿ ಬಿಡೇ, ಮೈ ತುಂಬಿಕೊಂಡ್ರೆ ಬೇಕಾಗತ್ತೆ' ಅಂದೆ. ಅವಳ ಮುಖ ಹಗುರಾಯಿತು. ಅಬ್ಬಾ, ಅತ್ತೆಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ.

ಆ ಮಾತು ನನ್ನದಲ್ಲ. ಅಕ್ಕನದು.

ಅವಳು ಹೋಗಿ ಹನ್ನೊಂದು ವರ್ಷವಾಯಿತು. ಅಕ್ಕನ ರಿಪೋರ್ಟ್ ಮಿಷನ್ನಿನ ಡ್ರಾಯರಿನಲ್ಲಿ ಬಚ್ಚಿಟ್ಟವಳು ನಾನೇ. 'ಗ್ಯಾಸ್ಟ್ರಿಕ್ ಕಣೇ, ಖಾರ ಬಿಡು' ಅಂತ ಐದು ತಿಂಗಳು ಹೇಳಿದೆ. ಅವಳು ರವಿಕೆ ತಂದುಕೊಟ್ಟು, 'ಒಳಗೆ ಬಟ್ಟೆ ಬಿಡೇ, ಮೈ ತುಂಬಿಕೊಂಡ್ರೆ ಬೇಕಾಗತ್ತೆ' ಅಂದಿದ್ದಳು. ಪಾಪ, ಏನೂ ತಿಳಿಯದು ಇವಳಿಗೆ ಅಂತ ನಾನು ಸಮಾಧಾನವಾಗಿ ಮಿಷನ್ ತುಳಿದೆ.

ಗೊತ್ತಿತ್ತು ಅವಳಿಗೆ. ನನ್ನ ಮುಖ ಹಗುರಾದದ್ದನ್ನೂ ನೋಡಿರುತ್ತಾಳೆ. ಐದು ತಿಂಗಳು ಒಬ್ಬಳೇ ಇದ್ದಳು, ನಾನು ಪಕ್ಕದಲ್ಲೇ ಕೂತಿದ್ದೆ. ಅಯ್ಯೋ ಅಕ್ಕ... ಎಂಥ ಕೆಲಸ ಮಾಡಿದೆ ನಾನು.

ಮೇ 19, ಮಂಗಳವಾರ

ತುಂಬಾ ದಿನವಾಯಿತು. ಪೆನ್ನು ಹಿಡಿದರೆ ಬೆರಳು ಸೋಲುತ್ತದೆ. ಹಾಸಿಗೆಯಿಂದಲೇ ಬರೆಯುತ್ತಿದ್ದೇನೆ. ಮೂವತ್ತು.

ಇವರು ಮಿಷನ್ ಮುಂದೆ ಕೂತಿದ್ದಾರೆ. ನೀಲಿ ರವಿಕೆ ಭುಜದಿಂದ ಜಾರುತ್ತದೆ, ನಾನೇ ಹಿಡೀತೀನಿ ಅಂತ ಹಟ. ಸೂಜಿಗೆ ದಾರ ಪೋಣಿಸಲು ಕಾಲು ಗಂಟೆ. ಹೊಲಿಗೆ ಹಾವು ಹರಿದ ಹಾಗಿದೆ. ನಗು ಬಂತು. ನಕ್ಕರೆ ನೋವು.

ರವಿಕೆ ತಿರುವಿ ಹಾಕಿ ಒಳಗಿನ ಮಡಿಕೆ ನೋಡಿದರು. ಇಷ್ಟು ದಪ್ಪ. 'ಇದು ಪಕ್ಕೆಗೆ ಒತ್ತತ್ತಲ್ವಾ. ಒಳಗಿನ ಬಟ್ಟೆ ಏನ್ ಮಾಡ್ಲಿ?'

ನಾಲಿಗೆಯ ತುದಿಗೆ ಅಕ್ಕನ ಮಾತೇ ಬಂತು. ನುಂಗಿದೆ.

'ಕತ್ತರಿಸಿ. ಇನ್ನು ಬೇಡ ಅದು.'

ಕತ್ತರಿ ಹಿಡಿದು ನನ್ನನ್ನೇ ನೋಡಿದರು. ಗೋಡೆಯ ಮೇಲಿನ ದೀಪಸ್ತಂಭ ನೋಡಿದರು. ಕತ್ತರಿ ಕೆಳಗಿಟ್ಟರು. ಎದ್ದು ಬಂದು ಮಂಚದ ಮೇಲೆ ಕೂತರು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ.

'ಯಾವಾಗ ಗೊತ್ತಾಯ್ತು ನಿಂಗೆ?'

ಹೇಳಬೇಕು. ಬೆಂಚು, ಡ್ರೈವರು, ಅವನ ಅಮ್ಮ, ಅಕ್ಕ — ಎಲ್ಲಾ ಹೇಳಬೇಕು. ಬರೆದದ್ದು ಸಾಕು, ಈ ಕಡೆ ತಿರುಗು ಅಂತಿದ್ದಾರೆ. ಪುಸ್ತಕ ಅವರೇ ನನ್ನ ಕೈಯಿಂದ