ಎಲ್ಲ ಗೆರೆಯೂ ನಿನ್ನ ಮನೆಗೇ

ಮದುರೈ,
9-2-2016

ಅಜ್ಜಿಯೂ ಆಗಿ ಅತ್ತೆಯೂ ಆಗಿ, ನನ್ನನ್ನು ಎರಡು ಕಡೆಯಿಂದಲೂ ಬೈಯುವ ಹಕ್ಕಿರುವ ಅಮ್ಮಾಚಿಗೆ,

ಪೂಂಗೊಡಿಯ ಸಾಷ್ಟಾಂಗ. ಅದೂ ಕಾಗದದಲ್ಲಿ ಮಾತ್ರ; ಹೊಲಿಗೆ ಇನ್ನೂ ಎಳೆಯುತ್ತಿದೆ, ಬಗ್ಗಲಾಗದು.

ಮಗಳು ಹುಟ್ಟಿ ಹನ್ನೆರಡು ದಿನವಾಯಿತು. ಅವಳ ದನಿ ಕೇಳಿದರೂ ದೃಷ್ಟಿಯಾದೀತೆಂದು ನೀನು ಫೋನನ್ನೇ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ಮೊದಲನೆಯವನು ಹುಟ್ಟಿದಾಗ ನೀನು ಎತ್ತಿಕೊಂಡು, "ಅಯ್ಯೋ ನನ್ ರಾಜಾ, ಒಳ್ಳೇ ಕುಂಬಳಕಾಯಿ ಇದ್ದಂಗೆ ಅವ್ನಲ್ಲೇ!" ಅಂದೆ. ಸಂಜೆಯೊಳಗೆ ಅವನಿಗೆ ಉಸಿರು ಕಟ್ಟತೊಡಗಿತು. ಹದಿನೆಂಟನೇ ದಿನ ಹೋದ. ನಿನ್ನ ಕಣ್ಣೇ ತಾಗಿತು ಅಂತ ಅವತ್ತಿನಿಂದ ನೀನು ಯಾರ ಮಗುವನ್ನೂ ಮುಟ್ಟಿಲ್ಲ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಅಮ್ಮ ಎಲ್ಲ ಹೇಳಿದ್ದಾಳೆ.

ನಾವೂ ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇವೆ. ಆ ಮಗುವಿನ ರಕ್ತವನ್ನೂ ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಶ್ವಾಸಕೋಶದೊಳಗೆ ಸೋಪಿನ ನೀರಿನಂಥ ಒಂದು ಪಸೆ ಇರಬೇಕಂತೆ. ಇಲ್ಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಅದು ಒದ್ದೆ ಬಟ್ಟೆಯ ಹಾಗೆ ಅಂಟಿಕೊಳ್ಳುತ್ತದೆ. ಆ ಪಸೆ ಮಾಡುವ ವಿದ್ಯೆ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಒಂದು ಸರಿಯಿದ್ದರೂ ಸಾಕು. ನನ್ನಲ್ಲಿ ಒಂದು, ನನ್ನನ್ನು ಕಟ್ಟಿಕೊಂಡ ನಿನ್ನ ಮಗ ಮಾಮನಲ್ಲಿ ಒಂದು ಕೆಟ್ಟಿದೆ. ಪಾಪ, ಆ ಮಗುವಿಗೆ ಕೆಟ್ಟವೆರಡೇ ಸಿಕ್ಕವು. ಇದರಲ್ಲಿ ನಿನ್ನ ಕಣ್ಣು ಎಲ್ಲಿ ಬಂತು?

ಡಾಕ್ಟರಮ್ಮ ನಮ್ಮ ವಂಶವೃಕ್ಷ ಬರೆಯಲು ಕೂತು, "ಏನಮ್ಮಾ ಇದು, ಗಂಡನ ಕಡೆ ಗೆರೆ ಎಳೆದ್ರೂ ನಿನ್ ಕಡೆ ಎಳೆದ್ರೂ ಒಂದೇ ಮನೆಗೆ ಹೋಗಿ ನಿಲ್ತಿದೆಯಲ್ಲ!" ಎಂದು ಪೆನ್ನು ಕೆಳಗಿಟ್ಟರು. "ಇವ್ಳು ನಮ್ಮಕ್ಕನ ಮಗಳು ಡಾಕ್ಟ್ರೇ. ಬೇರೆ ಊರಲ್ಲಿ ಹೆಣ್ಣು ನೋಡೋಕೆ ನಮ್ಮಮ್ಮ ಬಸ್ ಹತ್ತೋಕೇ ಬಿಡ್ಲಿಲ್ಲ" ಅಂದರು ನಿನ್ನ ಮಗ.

ಈ ಸಲ ನಾಲ್ಕನೇ ತಿಂಗಳಲ್ಲೇ ಹೊಟ್ಟೆಯೊಳಗೆ ಮಗುವಿನ ಸುತ್ತಲಿನ ನೀರು ತೆಗೆದು ನೋಡಿದರು. ಇವಳಿಗೆ ಒಂದು ಕೆಟ್ಟದ್ದು, ಒಂದು ಸರಿ, ನಮ್ಮ ಹಾಗೆಯೇ. ಆದರೂ ಹೆರಿಗೆಯ ಹೊತ್ತಿಗೆ ನನಗೆ ಜೀವ ಬಾಯಿಗೆ ಬಂದಿತ್ತು. ಅಳು ಕೇಳಿ ನರ್ಸು, "ಇದು ಶ್ವಾಸಕೋಶ ಅಲ್ಲ ಕಣಮ್ಮಾ, ಮೈಕ್ ಸೆಟ್ಟು!" ಅಂದಳು. ಮಾಮ ಹೊರಗೆ ನಿಂತು ಗೊಳೋ ಎಂದು ಅತ್ತರಂತೆ. ಈಗ ಕೇಳಿದರೆ ಧೂಳು ಬಿತ್ತು ಅನ್ನುತ್ತಾರೆ.

ಶುಕ್ರವಾರ ನಿನ್ನನ್ನು ಕರೆದುಕೊಂಡು ಬರಲು ಮಾಮ ಊರಿಗೆ ಬರುತ್ತಾರೆ. ಕುಂಟು ನೆಪ ಹೇಳಬೇಡ. ಇವಳಿಗೆ ನೀನು ಅಜ್ಜಿಯೂ ಹೌದು, ಮುತ್ತಜ್ಜಿಯೂ ಹೌದು. ನೀನು ಬರದಿದ್ದರೆ ಒಂದೇ ಸಲಕ್ಕೆ ಇಬ್ಬರೂ ಇಲ್ಲದ ಹಾಗಾಗುತ್ತದೆ. ನನಗಂತೂ ನೀನು ಬೇಕು.

ಇಂತಿ,
ನಿನ್ನ ಬೈಗುಳಕ್ಕೆ ಕಾದು ಕೂತಿರುವ
ಪೂಂಗೊಡಿ

ಮಡಿಸುವ ಮುಂಚೆ ಇನ್ನೊಂದು ಮಾತು: ಆ ಕೆಟ್ಟ ಪ್ರತಿ ಮಾಮನಿಗೂ, ಅಮ್ಮನ ಮೂಲಕ ನನಗೂ ಬಂದದ್ದು ನಿನ್ನಿಂದಲೋ ತಾತನಿಂದಲೋ ಅಂತ ನಿನ್ನ ರಕ್ತ ನೋಡಿ ಹೇಳಬಹುದು ಅಂದರು ಡಾಕ್ಟರಮ್ಮ. ನಾವಿಬ್ಬರೂ ಒಟ್ಟಿಗೇ ಬೇಡ ಅಂದೆವು. ಅದನ್ನು ತಾತನ ತಲೆಗೆ ಕಟ್ಟಿಬಿಟ್ಟಿದ್ದೇವೆ. ಅವರು ಹೋಗಿ ಇಪ್ಪತ್ತು ವರ್ಷವಾಯಿತು, ನಿನಗೋಸ್ಕರ ಇಷ್ಟು ಹೊರಲಾರರಾ?